ಹಿಗ್ಗಿದ ಪ್ರಾಸ್ಟೇಟ್‌ಗೆ ಕಿರು ಚಿಕಿತ್ಸೆ: ಆಯ್ಕೆ ಮಾಡಿಕೊಳ್ಳುವ ಬಗೆ

ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ಹಿಗ್ಗುವುದು ಸಾಮಾನ್ಯ; ಅದು ಕ್ಯಾನ್ಸರ್ ಅಲ್ಲ. ಆದರೆ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಈ ಗ್ರಂಥಿ ಒಳಮುಖವಾಗಿ ಬೆಳೆದಾಗ ನಾಳ ಕಿರಿದಾಗಿ, ಮೂತ್ರದ ಧಾರೆ ಸಣ್ಣದಾಗುತ್ತದೆ, ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. ಮಾತ್ರೆಗಳಿಂದ ಸಾಕಷ್ಟು ಗುಣ ಕಾಣದವರು ಅಥವಾ ಅವುಗಳಿಂದ ತಲೆಸುತ್ತು ಬಂದು ಬೇಸತ್ತವರು ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಕಿರು ಚಿಕಿತ್ಸೆಗಳನ್ನು ವಿಚಾರಿಸಬಹುದು. ಆದರೆ ಯಾವ ಯಂತ್ರ ಹೊಸದು ಎಂದು ಕೇಳುವ ಮೊದಲು ನಿಮ್ಮ ಗ್ರಂಥಿಯ ಅಳತೆ ಮತ್ತು ಆಕಾರವನ್ನು ತಿಳಿದುಕೊಳ್ಳಿ, ಏಕೆಂದರೆ ಅರ್ಧ ತೀರ್ಮಾನ ಅಲ್ಲಿಯೇ ಆಗಿಬಿಡುತ್ತದೆ.

ಮೊದಲಿಗೆ ಮೂತ್ರದ ತೊಂದರೆಯನ್ನು ಅಂಕಗಳಲ್ಲಿ ಅಳೆಯುವ, ಏಳು ಪ್ರಶ್ನೆಗಳ ಐಪಿಎಸ್‌ಎಸ್ ಪಟ್ಟಿಯನ್ನು ತುಂಬಿ. ಒಟ್ಟು 35 ಅಂಕಗಳಲ್ಲಿ 8ರಿಂದ 19 ಬಂದರೆ ತೊಂದರೆ ಮಧ್ಯಮ, 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ. ನಂತರ ಮೂತ್ರದ ಹರಿವನ್ನು ಅಳೆಯುವ ಯೂರೋಫ್ಲೋ ಪರೀಕ್ಷೆ: ಯಂತ್ರಕ್ಕೆ ಜೋಡಿಸಿದ ಆಲಿಕೆಯೊಳಗೆ ಮೂತ್ರ ಮಾಡಿದಾಗ ಕಾಗದದ ಮೇಲೆ ಒಂದು ಗೆರೆ ಮೂಡುತ್ತದೆ. ಸಲೀಸಾದ ಹರಿವಿದ್ದರೆ ಆ ಗೆರೆ ಗಂಟೆಯ ಆಕಾರದಲ್ಲಿ ಏರಿ ಇಳಿಯುತ್ತದೆ, ಅಡಚಣೆಯಿದ್ದರೆ ತಗ್ಗಾಗಿ ಬಹಳ ಹೊತ್ತು ಎಳೆದುಕೊಂಡು ಹೋಗುತ್ತದೆ. ಮೂತ್ರ ತೀರಾ ಕಡಿಮೆಯಿದ್ದರೆ ಪರೀಕ್ಷೆ ತಪ್ಪು ಹೇಳುವುದರಿಂದ, ಮೂತ್ರಕೋಶ ಚೆನ್ನಾಗಿ ತುಂಬುವವರೆಗೆ ಕಾಯುವುದು ಒಳ್ಳೆಯದು. ಅಲ್ಟ್ರಾಸೌಂಡ್ ವರದಿಯಲ್ಲಿ ಮೂರು ಸಂಗತಿಗಳನ್ನು ಕೇಳಿ ಬರೆದುಕೊಳ್ಳಿ: ಗ್ರಂಥಿಯ ಗಾತ್ರ ಎಷ್ಟು ಮಿಲಿಲೀಟರ್, ಮೂತ್ರ ಮಾಡಿದ ಮೇಲೆ ಒಳಗೆ ಉಳಿದದ್ದು ಎಷ್ಟು, ಗ್ರಂಥಿಯ ಮಧ್ಯದ ಹಾಲೆ (ಭಾಗ) ಮೂತ್ರಕೋಶದೊಳಕ್ಕೆ ಚಾಚಿದೆಯೇ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ನೀಡಬಲ್ಲ ಪಿಎಸ್‌ಎ ರಕ್ತಪರೀಕ್ಷೆಯೂ ಬೇಕು. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟರೈಡ್ ಮಾತ್ರೆಯನ್ನು ತಿಂಗಳುಗಟ್ಟಲೆ ಸೇವಿಸುತ್ತಿದ್ದರೆ ಆ ಅಂಕಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ ಎಂಬುದು ವೈದ್ಯರ ಗಮನಕ್ಕೆ ಬರಲಿ.

ಕಿರು ಚಿಕಿತ್ಸೆಗಳಲ್ಲಿ ಒಂದಾದ ಯೂರೋಲಿಫ್ಟ್‌ನಲ್ಲಿ ಏನನ್ನೂ ಕತ್ತರಿಸುವುದಿಲ್ಲ. ದೂರದರ್ಶಕದಂಥ ತೆಳು ಕೊಳವೆಯ ಮೂಲಕ ಸಣ್ಣ ಕೊಂಡಿಗಳನ್ನು ನೆಟ್ಟು, ಎರಡೂ ಬದಿಯ ಹಾಲೆಗಳನ್ನು ಪರದೆ ಸರಿಸಿ ಕಟ್ಟಿದಂತೆ ಹಿಂದಕ್ಕೆ ಎಳೆದಿಡುತ್ತಾರೆ. ಗುಣ ಬೇಗ ಕಾಣುತ್ತದೆ, ವೀರ್ಯಸ್ಖಲನಕ್ಕೂ ಸಾಮಾನ್ಯವಾಗಿ ಧಕ್ಕೆಯಿಲ್ಲ. ಆದರೆ ಗ್ರಂಥಿ ಬಹಳ ದೊಡ್ಡದಾಗಿದ್ದರೆ ಇದು ಹೊಂದುವುದಿಲ್ಲ, ಮಧ್ಯದ ಹಾಲೆ ಚಾಚಿದ್ದರೂ ಕಷ್ಟ. ಅಂಥ ಹಾಲೆಗೆ ರೆಝೂಮ್ ಎಂಬ ಇನ್ನೊಂದು ಕಿರು ಚಿಕಿತ್ಸೆ ಹೊಂದಬಹುದು. ಅದರಲ್ಲಿ ಸೂಜಿಯಿಂದ ಪ್ರತಿ ಸಲ ಸುಮಾರು 9 ಸೆಕೆಂಡು ನೀರಾವಿಯನ್ನು ಗ್ರಂಥಿಯೊಳಗೆ ಹಾಯಿಸುತ್ತಾರೆ. ಆ ಬಿಸಿಗೆ ಸತ್ತ ಜೀವಕೋಶಗಳನ್ನು ದೇಹವೇ ನಿಧಾನವಾಗಿ ಹೀರಿಕೊಳ್ಳುತ್ತದೆ. ಆ ‘ನಿಧಾನ’ ಎಂಬ ಮಾತನ್ನು ಮರೆಯಬಾರದು: ಮೊದಲ ಕೆಲವು ದಿನ ಕ್ಯಾಥಿಟರ್ (ಮೂತ್ರ ಹೊರಹರಿಸುವ ಕೊಳವೆ) ಇರುತ್ತದೆ, ಒಂದೆರಡು ವಾರ ಉರಿ ಮತ್ತು ಅವಸರ ಮೊದಲಿಗಿಂತ ಹೆಚ್ಚೇ ಅನಿಸಬಹುದು, ಪೂರ್ತಿ ಫಲ ಕಾಣಲು ಮೂರು ತಿಂಗಳು ಹಿಡಿಯಬಹುದು.

ಗ್ರಂಥಿ ತುಂಬ ದೊಡ್ಡದಾಗಿದ್ದು ಅರಿವಳಿಕೆಯನ್ನು ತಾಳಲಾಗದವರಿಗೆ ರಕ್ತನಾಳ ಮುಚ್ಚುವ ಎಂಬೊಲೈಸೇಶನ್ ಉಂಟು. ತೊಡೆಸಂದಿ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಒಳಹೋಗಿ, ಗ್ರಂಥಿಗೆ ಹೋಗುವ ರಕ್ತವನ್ನು ಸಣ್ಣ ಕಣಗಳಿಂದ ತಡೆಯುತ್ತಾರೆ. ಇದನ್ನು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇಯಂಥ ಚಿತ್ರಗಳನ್ನು ನೋಡುತ್ತ ಚಿಕಿತ್ಸೆ ನೀಡುವ ವೈದ್ಯರು, ಮಾಡುತ್ತಾರೆ. ನೀರಿನ ಧಾರೆಯಿಂದ ಕೆತ್ತುವ ಅಕ್ವಾಬ್ಲೇಶನ್ ಅನ್ನೂ ಇದೇ ಗುಂಪಿಗೆ ಸೇರಿಸುವುದುಂಟು, ಆದರೆ ಅದಕ್ಕೆ ಅರಿವಳಿಕೆ ಬೇಕು, ರಕ್ತಸ್ರಾವದ ಅಪಾಯವೂ ಇದೆ; ಅದನ್ನು ಕಿರು ಚಿಕಿತ್ಸೆ ಎನ್ನಲು ನನಗೆ ಹಿಂಜರಿಕೆ.

ಮೂತ್ರನಾಳದ ಮೂಲಕ ಗ್ರಂಥಿಯ ಒಳಭಾಗವನ್ನು ಕತ್ತರಿಸಿ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯಾದ ಟಿಯುಆರ್‌ಪಿಯಲ್ಲಿ ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗುವುದು ಬಹಳ ಮಂದಿಗೆ ಆಗುತ್ತದೆ, ಆದರೆ ಧಾರೆ ಸುಧಾರಿಸುವುದು ಅದರಲ್ಲಿಯೇ ಹೆಚ್ಚು. ಕಿರು ಚಿಕಿತ್ಸೆಯಲ್ಲಿ ಇದರ ತಿರುವುಮುರುವು: ಕೆಲವು ವರ್ಷಗಳ ಬಳಿಕ ಮತ್ತೊಮ್ಮೆ ಚಿಕಿತ್ಸೆ ಬೇಕಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ವೈದ್ಯರನ್ನು ನೇರವಾಗಿ ಕೇಳಿ: ಈ ವಿಧಾನವನ್ನು ನೀವು ಎಷ್ಟು ಮಂದಿಗೆ ಮಾಡಿದ್ದೀರಿ, ಅವರಲ್ಲಿ ಎಷ್ಟು ಮಂದಿ ಮರಳಿ ಬಂದರು? ಮೂತ್ರಕೋಶದಲ್ಲಿ ಕಲ್ಲು ಅಥವಾ ಮೂತ್ರಪಿಂಡಕ್ಕೆ ಹಾನಿ ಇದ್ದರೆ ಸಾಮಾನ್ಯವಾಗಿ ದೊಡ್ಡ ಶಸ್ತ್ರಚಿಕಿತ್ಸೆಯೇ ಸರಿ. ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಕೂಡದು. ಮನೆಗೆ ಬಂದ ಮೇಲೆ ಜ್ವರ ಬಂದರೆ, ಮೂತ್ರದಲ್ಲಿ ರಕ್ತದ ಗಡ್ಡೆಗಳು ಕಂಡರೆ, ಅಥವಾ ಕ್ಯಾಥಿಟರ್ ತೆಗೆದ ಬಳಿಕ ಮೂತ್ರ ಬರದೆ ಹೊಟ್ಟೆಯ ಕೆಳಭಾಗ ಬಿಗಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.