ಕೇಳಿದ್ದು ಜೇಸನ್, ಬಂದಿದ್ದು ಎಚ್‌ಟಿಎಂಎಲ್: ಆಗ ಏನು ಮಾಡಬೇಕು?

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ಗೆ ಒಣದ್ರಾಕ್ಷಿ ಲೆಕ್ಕ ಇಡುವ ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ದಿನದ ದರವನ್ನು ಅದು ಒಂದು ವೆಬ್ ಸರ್ವಿಸ್‌ನಿಂದ ಜೇಸನ್ ರೂಪದಲ್ಲಿ, ಅಂದರೆ ಪ್ರೋಗ್ರಾಮ್‌ಗಳು ಸುಲಭವಾಗಿ ಓದುವ ಪಠ್ಯವಾಗಿ, ತರುತ್ತದೆ. ಒಂದು ದಿನ ಬೆಳಿಗ್ಗೆ ಅಲ್ಲಿನ ಗುಮಾಸ್ತರ ಫೋನ್ ಬಂತು. ‘ಸರ್ರ, ಇವತ್ತಿನ ರೇಟ್ ಸೊನ್ನಿ ತೋರ್ಸಾಕತ್ತೈತ್ರಿ. ರೈತ್ರು ಬಂದು ನಿಂತಾರ.’

ಕಾರಣ ಹುಡುಕಿದಾಗ ಹೊಟ್ಟೆ ಉರಿಯಿತು. ಆ ಸರ್ವಿಸ್ ಬಳಸಲು ನಮಗೆ ಕೊಟ್ಟಿದ್ದ ಗುಪ್ತ ಸಂಕೇತದ, ಅಂದರೆ ಕೀಯ, ಅವಧಿ ಮುಗಿದಿತ್ತು. ಆ ಸರ್ವರ್ ‘ಅನುಮತಿ ಇಲ್ಲ’ ಎಂದು 401 ಎಂಬ ಸ್ಟೇಟಸ್ ಸಂಖ್ಯೆ ಕೊಡಬೇಕಿತ್ತು. ಅದರ ಬದಲು 302 (‘ಬೇರೆ ವಿಳಾಸಕ್ಕೆ ಹೋಗು’) ಕೊಟ್ಟು ಲಾಗಿನ್ ಪುಟಕ್ಕೆ ಕಳಿಸಿತು. ನನ್ನ ಪ್ರೋಗ್ರಾಮ್ ತಾನಾಗಿ ಅಲ್ಲಿಗೆ ಹೋಗಿ, ಲಾಗಿನ್ ಪುಟವನ್ನು 200 (‘ಎಲ್ಲ ಸರಿ’) ಸಮೇತ ತಂದಿತು. ಆ ಪುಟ ಇದ್ದದ್ದು ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ. ಅದನ್ನು ಜೇಸನ್ ಎಂದು ಓದಲು ಹೋಗಿ ಪ್ರೋಗ್ರಾಮ್ ಎಡವಿತು. ಎಡವಿದರೆ ಸೊನ್ನೆ ಹಾಕು ಎಂದು ಬರೆದಿಟ್ಟವನು ನಾನೇ. ರೈತನ ಮಾಲಿಗೆ ಸೊನ್ನೆ ದರ ತೋರಿಸುವುದು ಸಣ್ಣ ತಪ್ಪಲ್ಲ. ಈಗ ಮಾಡುವ ಕ್ರಮ ಹೀಗಿದೆ.

ಮೊದಲು ಚೀಟಿ ಓದಿ

ಪ್ರತಿ ಉತ್ತರದ ಜೊತೆ ‘ಕಂಟೆಂಟ್-ಟೈಪ್’ ಎಂಬ ಹೆಡರ್ ಬರುತ್ತದೆ. ಬಾಕ್ಸ್ ಮೇಲೆ ಅಂಟಿಸಿದ ಚೀಟಿ ಇದ್ದಂತೆ. ‘ಅಪ್ಲಿಕೇಶನ್/ಜೇಸನ್’ ಇದ್ದರೆ ಸರಿ. ‘ಟೆಕ್ಸ್ಟ್/ಎಚ್‌ಟಿಎಂಎಲ್’ ಇದ್ದರೆ ಅಲ್ಲೇ ನಿಲ್ಲಿ. ಸ್ಟೇಟಸ್ 200 ಇದೆ ಅಂತ ನಂಬಿ ಮುಂದೆ ಹೋಗಬೇಡಿ. ಪೈಥಾನ್ ಭಾಷೆಯಲ್ಲಿ ವೆಬ್‌ನಿಂದ ಮಾಹಿತಿ ತರಲು ಬಳಸುವ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಜೇಸನ್ ಓದುವ ಫಂಕ್ಷನ್ ಈ ಚೀಟಿಯನ್ನು ನೋಡುವುದೇ ಇಲ್ಲ. ಆ ಕೆಲಸ ನಿಮ್ಮದೇ.

ಹೋಲಿಸುವಾಗ ಪೂರ್ತಿ ಸಾಲನ್ನು ಹೋಲಿಸಬೇಡಿ. ಸೆಮಿಕೋಲನ್ ಆದಮೇಲೆ ‘ಚಾರ್‌ಸೆಟ್’ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದ ಕ್ರಮದ ಹೆಸರು) ಇರಬಹುದು. ಅದನ್ನು ಕತ್ತರಿಸಿ, ಎಲ್ಲವನ್ನೂ ಸಣ್ಣಕ್ಷರ ಮಾಡಿಕೊಂಡು ನೋಡಿ. ‘+ಜೇಸನ್’ ಎಂದು ಮುಗಿಯುವುದನ್ನೂ ಒಪ್ಪಿಕೊಳ್ಳಿ. ದೋಷದ ವಿವರವನ್ನು ‘ಅಪ್ಲಿಕೇಶನ್/ಪ್ರಾಬ್ಲಮ್+ಜೇಸನ್’ ಎಂದು ಕಳಿಸುವ ಸರ್ವಿಸ್‌ಗಳಿವೆ. ಏನು ಕೆಟ್ಟಿದೆ ಅನ್ನುವುದು ಅದರೊಳಗೇ ಇರುತ್ತದೆ. 204 ಬಂದರೆ ಒಳಗೆ ಏನೂ ಇರುವುದಿಲ್ಲ, ಓದಲು ಹೋಗಲೇಬೇಡಿ.

ಆಮೇಲೆ ಒಂದು ಮುಷ್ಟಿ ತೆಗೆದು ನೋಡಿ

ಮಾಲು ಕೊಳ್ಳುವವರು ಚೀಟಿ ಓದಿ ಸುಮ್ನೆ ಹೋಗುವುದಿಲ್ಲ, ಅಲ್ವಾ? ಬಾಕ್ಸ್ ಬಿಚ್ಚಿ ಒಂದು ಮುಷ್ಟಿ ತೆಗೆದು ಬಣ್ಣ ನೋಡುತ್ತಾರೆ. ನೀವೂ ಉತ್ತರವನ್ನು ಮೊದಲು ಬರೀ ಪಠ್ಯವಾಗಿ ತೆಗೆದುಕೊಳ್ಳಿ. ಮೊದಲ 200 ಅಕ್ಷರ, ಸ್ಟೇಟಸ್, ಚೀಟಿ, ಕೊನೆಗೆ ತಲುಪಿದ ವಿಳಾಸ, ಇಷ್ಟನ್ನು ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಮ್ ನಡೆದದ್ದನ್ನು ದಾಖಲಿಸುವ ಫೈಲ್‌ನಲ್ಲಿ, ಬರೆಯಿರಿ. ವಿಳಾಸದಲ್ಲಿ ಕೀ ಇದ್ದರೆ ಮಾತ್ರ ಅಳಿಸಿ ಬರೆಯಿರಿ. ಬ್ರೌಸರ್‌ನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <’ ಎಂಬ ದೋಷ ಕಂಡಿದ್ದರೆ, ಆ < ಗುರುತು ಹೆಚ್ಚಾಗಿ ಎಚ್‌ಟಿಎಂಎಲ್ ಪುಟದ ಮೊದಲ ಅಕ್ಷರ.

ಚೀಟಿ ಸುಳ್ಳು ಹೇಳುವುದೂ ಉಂಟು. ಸರ್ವಿಸ್ ಅನ್ನು ಪಿಎಚ್‌ಪಿ ಭಾಷೆಯಲ್ಲಿ ಬರೆದವರು ಹೆಡರ್ ಹಾಕಲು ಮರೆತರೆ, ಒಳಗೆ ಸರಿಯಾದ ಜೇಸನ್ ಇದ್ದರೂ ಚೀಟಿ ‘ಟೆಕ್ಸ್ಟ್/ಎಚ್‌ಟಿಎಂಎಲ್’ ಎಂದೇ ಹೋಗುತ್ತದೆ. ಅಂಥ ಸರ್ವಿಸ್ ಗೊತ್ತಿದ್ದರೆ ಅದೊಂದಕ್ಕೆ ಮಾತ್ರ ವಿನಾಯಿತಿ ಕೊಡಿ. ಎಲ್ಲದಕ್ಕೂ ಕೊಟ್ಟರೆ ಲಾಗಿನ್ ಪುಟ ಮತ್ತೆ ಒಳಗೆ ನುಸುಳುತ್ತದೆ.

ಕನ್ನಡ ಕೆಟ್ಟು ಬಂದರೆ

ಇದು ನಮ್ಮವರಿಗೆ ಜಾಸ್ತಿ ಕಾಡುವ ತೊಂದರೆ. ‘ಟೆಕ್ಸ್ಟ್’ ಬಗೆಯ ಚೀಟಿಯಲ್ಲಿ ಚಾರ್‌ಸೆಟ್ ಇಲ್ಲದಿದ್ದರೆ ರಿಕ್ವೆಸ್ಟ್ಸ್ ಅದನ್ನು ಐಎಸ್‌ಒ-8859-1 (ಒಂದು ಬೈಟ್‌ಗೆ ಒಂದು ಗುರುತು ಎನ್ನುವ ಹಳೆಯ ಕ್ರಮ) ಎಂದುಕೊಳ್ಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಒಣದ್ರಾಕ್ಷಿ’ ಪದದಲ್ಲಿ ಒತ್ತು, ಗುಣಿತ ಎಲ್ಲ ಬಿಡಿಸಿದರೆ 10 ಸಂಕೇತ, ಅಂದರೆ 30 ಬೈಟ್. ತಪ್ಪಾಗಿ ಓದಿದರೆ 30 ಬಿಡಿ ಗುರುತುಗಳಾಗುತ್ತವೆ. ಪಠ್ಯ ತೆಗೆಯುವ ಮುಂಚೆಯೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ನೀವೇ ಹೇಳಿಬಿಡಿ.

ಮತ್ತೆ ಕೇಳಬೇಕೋ ಬೇಡವೋ

ಸರ್ವರ್ ಕಡೆ ತೊಂದರೆ ಎನ್ನುವ 502, 503, 504 ಜೊತೆ ಎಚ್‌ಟಿಎಂಎಲ್ ಬಂದರೆ ಅದು ಹೆಚ್ಚಾಗಿ ನಡುವಿನ ಗೇಟ್‌ವೇ (ನಮ್ಮ ಕೋರಿಕೆಯನ್ನು ಒಳಗಿನ ಸರ್ವರ್‌ಗೆ ದಾಟಿಸುವ ಸರ್ವರ್) ಕೊಟ್ಟ ಪುಟ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ. ‘ರೀಟ್ರೈ-ಆಫ್ಟರ್’ ಹೆಡರ್ ಇದ್ದರೆ ಅದು ಹೇಳಿದಷ್ಟು ಕಾಯಿರಿ. ಲಾಗಿನ್ ಪುಟ ಬಂದರೆ ನೂರು ಸಲ ಕೇಳಿದರೂ ಅದೇ ಬರುತ್ತದೆ, ಕೀ ಬದಲಿಸಬೇಕು. ಕೇಳುವಾಗಲೇ ‘ಆಕ್ಸೆಪ್ಟ್’ ಹೆಡರ್‌ನಲ್ಲಿ ಜೇಸನ್ ಬೇಕು ಎಂದು ಬರೆಯಿರಿ. ಕೆಲವು ಸರ್ವರ್‌ಗಳು ಅದನ್ನು ನೋಡಿ ದೋಷವನ್ನೂ ಜೇಸನ್‌ನಲ್ಲೇ ಕೊಡುತ್ತವೆ.

ಪರದೆಯ ಮೇಲೆ ಸೊನ್ನೆ ಮಾತ್ರ ಬೇಡ. ನಮ್ಮಲ್ಲಿ ಈಗ ಕೊನೆಯ ಸರಿಯಾದ ದರವೂ ಅದು ಬಂದ ಸಮಯವೂ ಕಾಣುತ್ತವೆ, ಕೆಳಗೆ ‘ಹೊಸ ದರ ಬಂದಿಲ್ಲ’ ಎಂಬ ಸಾಲು. ಗುಮಾಸ್ತರು ಅದನ್ನು ಓದಿ, ಫೋನ್ ಮಾಡಿ ದರ ಕೇಳಿಕೊಂಡು ರೈತರಿಗೆ ಹೇಳುತ್ತಾರೆ.

ಇದೆಲ್ಲ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಸರ್ವಿಸ್ ಕೆಡಲಿ ಅಂತ ಕಾಯಬೇಡಿ. ಒಂದು ಲಾಗಿನ್ ಪುಟವನ್ನು ಫೈಲ್‌ನಲ್ಲಿ ಉಳಿಸಿ, ನಿಮ್ಮ ಕಂಪ್ಯೂಟರ್‌ನಿಂದಲೇ 200 ಜೊತೆ ಕಳಿಸಿ ನೋಡಿ. ಆಮೇಲೆ ಖಾಲಿ ಉತ್ತರ. ಆಮೇಲೆ ಅರ್ಧಕ್ಕೆ ಕತ್ತರಿಸಿದ ಜೇಸನ್.