ಬೆನ್ನ ಹಿಂದೆ ಬಿದ್ದ ತುಣುಕು

ಧಾರವಾಡದಲ್ಲಿ ಮಳೆ ಹಿಡಿಯಿತೆಂದರೆ ಕೊಡೆಯಿಲ್ಲದೆ ಮನೆಯಿಂದ ಹೊರಬೀಳುವವರು ಕಡಿಮೆ. ಅಂಥ ಊರಿನಲ್ಲಿ ಕೊಡೆ ಕಂಡರೆ ನಡುಗುವ ನಾಯಿಯನ್ನು ಸಾಕುವ ಯೋಗ ನನ್ನದಾಯಿತು. ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಬೈಕಿಗೆ ಸಿಕ್ಕು ಹಿಂಗಾಲು ಎಳೆಯುತ್ತಿದ್ದ ಹೆಣ್ಣು ನಾಯಿಯನ್ನು ಮನೆಗೆ ತಂದಾಗ ಅದಕ್ಕೆ ಎರಡು ವರ್ಷವಿದ್ದೀತು. ಉದ್ದ ಕಾಲು, ಕಂದು ಮೈ, ಯಾವ ಗಳಿಗೆಯಲ್ಲಾದರೂ ಜಿಗಿದು ಓಡುವಂಥ ನಿಲುವು ನೋಡಿ ಮೊಮ್ಮಗಳು ಚಿಗರಿ ಎಂದು ಹೆಸರಿಟ್ಟಳು. ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಡುವ ಬಸ್ಸಿಗೂ ಅದೇ ಹೆಸರು. ನಮ್ಮ ಚಿಗರಿ ಆ ಚಿಗರಿಯ ಬಾಗಿಲು ತೆರೆಯುವ ಸದ್ದಿಗೂ ಬೆಚ್ಚುತ್ತಿತ್ತು ಎಂಬುದು ಬೇರೆ ಮಾತು.

ಮೊದಲು ಪಶುವೈದ್ಯರಿಗೆ ತೋರಿಸಿದೆವು. ನೋವಿರುವ ಪ್ರಾಣಿ ಹೆಚ್ಚು ಹೆದರುತ್ತದೆ, ಹೆಚ್ಚು ಸಿಡುಕುತ್ತದೆ. ಸೊಂಟದ ಹಳೆಯ ಪೆಟ್ಟಿಗೆ ಚಿಕಿತ್ಸೆ ನಡೆದು, ರೇಬೀಸ್ ಲಸಿಕೆಯೂ ಆದ ಮೇಲೆ ಉಳಿದದ್ದು ಶುದ್ಧ ಹೆದರಿಕೆ: ಕೋಲು, ಕಸಬರಿಗೆ, ಕೊಡೆ, ಅಂದರೆ ಮನುಷ್ಯನ ಕೈಯಲ್ಲಿ ಉದ್ದನೆಯದು ಏನಿದ್ದರೂ ಸರಿ. ಯಾರು ಯಾವಾಗ ಹೊಡೆದಿದ್ದರೋ, ಅಥವಾ ಮರಿಯಿದ್ದಾಗ ಇಂಥವನ್ನು ನೋಡಿ ರೂಢಿಯೇ ಆಗಿರಲಿಲ್ಲವೋ. ನಾಯಿಮರಿಗೆ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ನಿಶ್ಚಿಂತೆಯಿಂದ ಕಂಡದ್ದು ಮುಂದೆ ಸಲೀಸಾಗುತ್ತದೆ, ಕಾಣದೇ ಹೋದದ್ದು ಅಪಾಯವೆಂದು ತೋರಬಹುದು.

ಪರಿಚಿತರ ಮಾತಿನ ಮೇಲೆ ನಾಯಿ ಪಳಗಿಸುವವರೊಬ್ಬರನ್ನು ಕರೆಸಿದೆ. ಅವರು ಪಟ್ಟಿಯನ್ನು ಗಿಡ್ಡಗೆ ಹಿಡಿದು, ಬಿಚ್ಚಿದ ಕೊಡೆಯನ್ನು ಚಿಗರಿಯ ಮುಖದ ಮುಂದೆಯೇ ಹತ್ತು ನಿಮಿಷ ಇಟ್ಟರು. ಅದು ಎಳೆದಾಡಿತು, ಕಿರುಚಿತು, ಕೊನೆಗೆ ನೆಲಕ್ಕೆ ಅಂಟಿಕೊಂಡು ಅಲುಗದೆ ಕುಳಿತಿತು. “ನೋಡ್ರಿ ಸರ್, ಹೆಂಗ ಸುಮ್ನಾತು” ಎಂದರು. ಸುಮ್ಮನಾಗಿದ್ದು ನಿಜ. ಆದರೆ ಜೊಲ್ಲು ಸೋರುತ್ತಿತ್ತು, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದಂತೆ ಹೊರಗೆ ಕಾಣುತ್ತಿತ್ತು, ಅಂದು ರಾತ್ರಿ ಊಟ ಮುಟ್ಟಲಿಲ್ಲ. 1967ರಲ್ಲಿ ಪ್ರಕಟವಾದ, ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್ ಅವರ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳಲ್ಲಿ ಅನೇಕವು ಮುಂದೆ ತಪ್ಪಿಸಿಕೊಳ್ಳುವ ದಾರಿಯಿದ್ದಾಗಲೂ ಬಿದ್ದಲ್ಲಿಯೇ ಬಿದ್ದುಕೊಂಡಿದ್ದವು. ಓದಿ ಮರೆತಿದ್ದ ಆ ಸಂಗತಿ ನಮ್ಮ ಅಂಗಳದಲ್ಲಿಯೇ ಕಣ್ಣಿಗೆ ಬಿತ್ತು. ಅವರನ್ನು ಮತ್ತೆ ಕರೆಸಲಿಲ್ಲ.

ಮುಂದಿನ ಎರಡು ತಪ್ಪುಗಳು ನನ್ನವೇ.

ತಿನಿಸು ಕೊಟ್ಟು ಕಲಿಸುವುದೆಂದರೆ ತಿನಿಸು ತೋರಿಸಿ ಹತ್ತಿರ ಕರೆಯುವುದು ಎಂದು ಭಾವಿಸಿದ್ದೆ. ನೆರೆಮನೆಯವರು ದಿನವೂ ಊರುಗೋಲು ಹಿಡಿದು ಬರುವವರು. ಅವರ ಕೈಗೆ ಬೇಯಿಸಿದ ಕೋಳಿಯ ತುಣುಕು ಕೊಟ್ಟು ಚಾಚಲು ಹೇಳಿದೆ. ಚಿಗರಿ ಹಿಂಗಾಲುಗಳನ್ನು ಇದ್ದಲ್ಲೇ ಊರಿ, ಮೈಯನ್ನು ರಬ್ಬರಿನಂತೆ ಮುಂದಕ್ಕೆ ಎಳೆದು, ತುಣುಕನ್ನು ಕಚ್ಚಿಕೊಂಡಿತು. ನುಂಗಿದ ಮೇಲೆ ತಲೆಯೆತ್ತಿದರೆ ಕೋಲು ಮೂಗಿನ ಹತ್ತಿರವೇ ಇದೆ. ತುಣುಕು ಮುಗಿದೊಡನೆ ಧೈರ್ಯವೂ ಮುಗಿದು, ಅವರ ಮುಂಗೈಗೆ ಹಲ್ಲು ತಾಗಿತು. ಸಣ್ಣ ಗೀರೇ ಆದರೂ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಸಿ, ಇಂಜೆಕ್ಷನ್ ಕೊಡಿಸಲು ಕರೆದುಕೊಂಡು ಹೋದೆ. ನಾಯಿಗೆ ಲಸಿಕೆಯಾಗಿದೆ ಎಂದು ಇದನ್ನು ಬಿಡಬಾರದು. ನೆರೆಯವರು ದೊಡ್ಡ ಮನಸ್ಸಿನವರು, ಸ್ನೇಹ ಉಳಿಯಿತು.

ಅಂದಿನಿಂದ ತುಣುಕನ್ನು ಚಿಗರಿಯ ಬೆನ್ನ ಹಿಂದೆ ಎಸೆಯತೊಡಗಿದೆ. ತಿನ್ನಬೇಕೆಂದರೆ ಅದು ಭಯದ ವಸ್ತುವಿನಿಂದ ದೂರ ಹೋಗಬೇಕು. ತಿಂದ ಮೇಲೆ ಮರಳಿ ಬರುವುದೋ ಬಿಡುವುದೋ ಅದರ ಇಷ್ಟ. ಕೋಳಿಯ ರುಚಿಯ ಜೊತೆಗೆ ದೂರ ಸರಿದ ನಿರಾಳವೂ ಅದಕ್ಕೆ ದಕ್ಕುತ್ತದೆ. ನಾಲ್ಕೈದು ಸಲ ಎಸೆಯುವಷ್ಟರಲ್ಲಿ ಅದು ತಾನಾಗಿಯೇ ತಿರುಗಿ, ಮೊದಲಿಗಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತಿತು.

ಎರಡನೆಯ ತಪ್ಪು ನನಗೆ ಹೆಚ್ಚು ನಾಚಿಕೆ ತಂದದ್ದು. ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಕಲಿಸಿದವನು ನಾನು. ರಷ್ಯದ ವಿಜ್ಞಾನಿ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಊಟದ ಮುನ್ಸೂಚನೆ ಸಿಕ್ಕೊಡನೆ ನಾಯಿ ಜೊಲ್ಲು ಸುರಿಸಲು ಕಲಿಯುವ ಪಾಠ ಅದರ ಬೆನ್ನಿಗೆ ಬೆಳೆದದ್ದು ಎಂದು ವರ್ಷವರ್ಷವೂ ಹೇಳುತ್ತಿದ್ದೆ. ಆದರೂ ಮನೆಯಲ್ಲಿ ಮಾಡಿದ್ದು ತಿರುವುಮುರುವು: ಕೈಯಲ್ಲಿ ಸಿದ್ಧವಾಗಿರಲೆಂದು ಪ್ಲಾಸ್ಟಿಕ್ ಚೀಲದಿಂದ ಕೋಳಿ ತೆಗೆದುಕೊಂಡು, ಆಮೇಲೆ ಕಸಬರಿಗೆ ಎತ್ತುತ್ತಿದ್ದೆ. ವಾರ ಕಳೆಯುವುದರೊಳಗೆ ಚೀಲ ಸರಪರ ಎಂದರೆ ಸಾಕು, ಚಿಗರಿ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಕೋಳಿ ಬಂತೆಂದರೆ ಹಿಂದೆಯೇ ಕಸಬರಿಗೆ ಬರುತ್ತದೆ ಎಂದು ನಾನೇ ಕಲಿಸಿಬಿಟ್ಟಿದ್ದೆ. ಮೊದಲು ಭಯದ ವಸ್ತು ಕಾಣಬೇಕು, ಆಮೇಲೆ ತಿನಿಸು ಬರಬೇಕು. ಚೀಲ ಬಿಟ್ಟು ಸೊಂಟಕ್ಕೆ ಬಟ್ಟೆಯ ಸಂಚಿ ಕಟ್ಟಿಕೊಂಡೆ. ಏನೂ ನಡೆಯದ ಹೊತ್ತಿನಲ್ಲಿಯೂ ಆಗಾಗ ಅದರಿಂದ ತುಣುಕು ಕೊಟ್ಟು ಸಂಚಿಯ ಮೇಲಿನ ಅನುಮಾನ ಕಳೆದೆ.

ಇಷ್ಟಾದ ಮೇಲೆ ಕೊಡೆಗೆ ಕೈಹಾಕಿದೆ. ಹಿತ್ತಲಿನ ಆಚೆ ತುದಿಯಲ್ಲಿ, ಸುಮಾರು ಇಪ್ಪತ್ತೈದು ಅಡಿ ದೂರದಲ್ಲಿ, ಮಡಚಿದ ಕೊಡೆಯನ್ನು ನೆಲದ ಮೇಲೆ ಇಟ್ಟು ಗೋಣಿತಟ್ಟು ಮುಚ್ಚಿರುತ್ತಿದ್ದೆ. ಮೊಮ್ಮಗಳು ತಟ್ಟು ಎತ್ತುತ್ತಾಳೆ; ಚಿಗರಿಯ ಕಣ್ಣು ಕೊಡೆಯ ಮೇಲೆ ಬಿದ್ದೊಡನೆ ಕಡಲೆಕಾಳಿನ ಗಾತ್ರದ ತುಣುಕುಗಳು ಒಂದರ ಹಿಂದೊಂದು ಬೀಳುತ್ತವೆ; ತಟ್ಟು ಮುಚ್ಚಿದೊಡನೆ ತುಣುಕುಗಳೂ ನಿಲ್ಲುತ್ತವೆ. ಹೀಗೆ ಐದಾರು ಸಲ, ಹೆಚ್ಚೆಂದರೆ ಮೂರು ನಿಮಿಷ, ದಿನಕ್ಕೆ ಎರಡು ಹೊತ್ತು. ತಟ್ಟು ಎತ್ತುವ ಮೊದಲೇ ಚಿಗರಿ ಅತ್ತ ನೋಡಿ ಬಾಲ ಸಡಿಲಿಸಿದ ದಿನ ಒಂದು ಮೆಟ್ಟಿಲು ಮುಂದೆ: ಕೊಡೆ ಗೋಡೆಗೆ ಒರಗಿ ನಿಲ್ಲುತ್ತದೆ, ಮೊಮ್ಮಗಳ ಕೈಗೆ ಬರುತ್ತದೆ, ಕಾಲುಭಾಗ ಬಿಚ್ಚಿಕೊಳ್ಳುತ್ತದೆ, ಅರ್ಧ ಬಿಚ್ಚಿಕೊಳ್ಳುತ್ತದೆ. ಕೊಡೆಯ ಕೆಲಸ ಕಷ್ಟವಾದಾಗ ದೂರವನ್ನು ಹೆಚ್ಚಿಸುತ್ತಿದ್ದೆ. ಎರಡನ್ನೂ ಒಟ್ಟಿಗೆ ಬಿಗಿ ಮಾಡಿದ ದಿನವೆಲ್ಲ ಹಿಂದೆ ಸರಿಯಬೇಕಾಯಿತು. ಹೊಸ ವಿದ್ಯೆಯೇನೂ ಇದಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಮೊಲಕ್ಕೆ ಹೆದರುತ್ತಿದ್ದ ಸಣ್ಣ ಹುಡುಗನ ಭಯ ಬಿಡಿಸಿದ್ದು ಇದೇ ಕ್ರಮದಲ್ಲಿ: ಅವನು ತನಗಿಷ್ಟವಾದದ್ದನ್ನು ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು.

ದೂರ ಸಾಕೋ ಸಾಲದೋ ಎಂಬುದನ್ನು ನಾಯಿಯೇ ಹೇಳುತ್ತದೆ. ತಿನಿಸಿಲ್ಲದಾಗಲೂ ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಮುಂಗಾಲೊಂದನ್ನು ಎತ್ತಿ ನಿಲ್ಲುವುದು, ಒಣ ಮೈಯನ್ನು ಒದ್ದೆಯಾದಂತೆ ಕೊಡವುವುದು ಇವೆಲ್ಲ ಮೊದಲ ಸೂಚನೆಗಳು. ಎಂದೂ ಬಿಡದ ಕೋಳಿಯನ್ನು ಮೂಸಿ ಬಿಟ್ಟರೆ ಅಥವಾ ಬೆರಳೂ ಸೇರಿಸಿ ಕಿತ್ತುಕೊಂಡರೆ ಅಂದಿನ ಪಾಠ ಅಲ್ಲಿಗೆ ಮುಗಿಯಬೇಕು. ಗುರುಗುಟ್ಟಿದಾಗ ನಾನು ಗದರುವುದಿಲ್ಲ. ಗದರಿದರೆ ಗುರುಗುಟ್ಟುವುದು ಮಾತ್ರ ನಿಲ್ಲುತ್ತದೆ, ಮುಂದಿನ ಸಲ ಸೂಚನೆ ಕೊಡದೆಯೇ ಕಚ್ಚಬಹುದು.

“ಹೆದರಿದಾಗ ತಿನ್ನಾಕ ಕೊಟ್ರ ಹೆದರೋದನ್ನೇ ಕಲೀತದಲ್ರೀ” ಎಂದು ಓಣಿಯಲ್ಲಿ ಬಹಳ ಮಂದಿ ಕೇಳಿದ್ದಾರೆ. ಭಯವು ನಾಯಿ ಬೇಕೆಂದು ಮಾಡುವ ಚೇಷ್ಟೆಯಾಗಿದ್ದರೆ ಅವರ ಮಾತು ಸರಿಯಾಗುತ್ತಿತ್ತು. ಗುಡುಗಿಗೆ ಬೆಚ್ಚಿದ ಮಗುವಿಗೆ ಬೆಲ್ಲ ಕೊಟ್ಟರೆ ಅದು ಬೆಲ್ಲಕ್ಕಾಗಿ ಬೆಚ್ಚಲು ಕಲಿಯುವುದಿಲ್ಲವಷ್ಟೆ. ಪೇಡೆ ಯಾಕೆ ಕೊಡಬಾರದು ಎಂದು ಕೇಳಿದವರೂ ಉಂಟು. ಅಷ್ಟು ಸಕ್ಕರೆ ನಾಯಿಗೆ ಸಲ್ಲದು. ಉಪ್ಪು, ಉಳ್ಳಾಗಡ್ಡಿ ಹಾಕದೆ ಬೇಯಿಸಿದ ಕೋಳಿ ಅಥವಾ ತತ್ತಿ ಸಾಕು, ಅಷ್ಟನ್ನು ದಿನದ ಊಟದಲ್ಲಿ ಕಡಿತ ಮಾಡಬೇಕು.

ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕುತ್ತೇನೆ, ಏಕೆಂದರೆ ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಹೋಗುವುದು ಕ್ಷಣದ ಕೆಲಸ. ದೀಪಾವಳಿಯ ಮಾತು ಬೇರೆ. ಪಟಾಕಿಯ ಸದ್ದಿಗೆ ದೂರವನ್ನು ಹೊಂದಿಸಿಕೊಳ್ಳಲು ಬರುವುದಿಲ್ಲ. ಆ ದಿನಗಳಿಗೆ ಪಶುವೈದ್ಯರು ಬರೆದುಕೊಟ್ಟ ಗುಳಿಗೆ, ಕಿಟಕಿ ಮುಚ್ಚಿದ ಒಳಕೋಣೆ, ಜೋರಾಗಿ ತಿರುಗುವ ಫ್ಯಾನು, ಪಕ್ಕದಲ್ಲಿ ನಾನು.

ಹಿತ್ತಲಿನ ಕೆಲಸ ಮಾರ್ಚಿನಲ್ಲಿ ಆರಂಭವಾಗಿತ್ತು. ಜುಲೈನಲ್ಲಿ ಒಂದು ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಹಾಲಿನವನು ಕರಿ ಕೊಡೆ ಹಿಡಿದು ಗೇಟಿನ ಮುಂದೆ ನಿಂತ. ಚಿಗರಿ ಕೊಡೆಯನ್ನು ನೋಡಿತು, ಅಲ್ಲಿಂದ ಕತ್ತು ಹೊರಳಿಸಿ ತನ್ನ ಬೆನ್ನ ಹಿಂದಿನ ನೆಲವನ್ನು ನೋಡಿತು, ಆಮೇಲೆ ನನ್ನ ಮುಖ ನೋಡಿತು. ಸಂಚಿ ಒಳಗೆ ಉಳಿದಿತ್ತು, ಅಡುಗೆಮನೆಗೆ ಓಡಿದೆ. ಗುಂಡಿ ಒತ್ತಿದರೆ ಫಟ್ಟನೆ ಬಿಚ್ಚಿಕೊಳ್ಳುವ ಕೊಡೆಗೆ ಇನ್ನೂ ಹೆದರುತ್ತದೆ, ಅದನ್ನು ಕಳೆದ ವಾರವಷ್ಟೇ ಹಿತ್ತಲಿನ ಆಚೆ ತುದಿಯಿಂದ ಆರಂಭಿಸಿದ್ದೇವೆ.