ಬಿಪಿ ಏರಿದ ಬಸುರಿಯರ ಎಚ್‌ಆರ್‌ವಿ: ಆ 4 ಗಂಟೆಯ ಬಿಡುವು

ಹಾಸನದಲ್ಲಿ ಕೂತು ಪ್ರೀ ಎಕ್ಲಾಂಪ್ಸಿಯಾದವರ (ಬಸುರಿನಲ್ಲಿ ಬಿಪಿ ಏರಿ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ) ಎಚ್‌ಆರ್‌ವಿ (ಹೃದಯದ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರದ ಏರುಪೇರು; ಹೃದಯದ ಮೇಲೆ ನರಗಳ ಹಿಡಿತ ಹೇಗಿದೆ ಅಂತ ಇದರಿಂದ ಅಂದಾಜಿಸುತ್ತೇವೆ) ತೆಗೆಯುತ್ತೇನೆ ಅಂದಾಗ ಹಿರಿಯರೊಬ್ಬರು, "ವಾರ್ಡ್‌ನಲ್ಲಿ ಇಸಿಜಿಯೇ ನೆಟ್ಟಗೆ ಬರಲ್ಲ, ಸುಮ್ನೆ ಯಾಕಮ್ಮ?" ಅಂದಿದ್ದರು. ಈಗ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ 30 ರೆಕಾರ್ಡಿಂಗ್ ಪೂರ್ತಿ ಹಾಳಾದವು. ಅಂಗಾತ ಮಲಗಿಸಿದ್ದೆ. ತುಂಬಿದ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಇಬ್ಬರಿಗೆ ತಲೆ ಸುತ್ತಿತು. ಎಡಮಗ್ಗುಲಿಗೆ ತಿರುಗಿಸಿದೆ, ಸರಿಹೋಯಿತು. ಆದರೆ ಹೆಚ್ಚಿನವರು ಅಷ್ಟೊತ್ತಿಗೆ ಬಿಪಿ ಇಳಿಸುವ, ಹೃದಯ ಬಡಿತವನ್ನೂ ಬದಲಿಸುವ ಲ್ಯಾಬೆಟಲಾಲ್ ಮಾತ್ರೆ ನುಂಗಿರುತ್ತಿದ್ದರು. ಅದರಲ್ಲಿ ನರದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಅಂತ ಬಿಡಿಸೋದು ಹೇಗೆ? ಆರು ತಿಂಗಳ ಕೆಲಸ ಬದಿಗಿಟ್ಟೆ.

ಹಾಗಂತ ಮಾತ್ರೆ ತಡ ಮಾಡುವ ಮಾತೇ ಇಲ್ಲ. 160/110 ಮುಟ್ಟಿದವರ ಹತ್ತಿರ ನಾನು ಹೋಗುವುದೇ ಇಲ್ಲ, ಅವರಿಗೆ ಮೊದಲು ಚಿಕಿತ್ಸೆ. ದಾರಿ ಸಿಕ್ಕಿದ್ದು 140/90ರ ಆಸುಪಾಸಿನವರಲ್ಲಿ. 4 ಗಂಟೆ ಬಿಟ್ಟು ಮತ್ತೆ ಬಿಪಿ ನೋಡಿಯೇ ಖಚಿತ ಮಾಡೋದು ಅಲ್ವಾ? ಆ ಬಿಡುವಿನಲ್ಲಿ, ಅವರು ಒಪ್ಪಿದರೆ, ಇಸಿಜಿಯ ಲೀಡ್ ಟು (ಕೈಕಾಲಿನ ತಂತಿಗಳಿಂದ ಸಿಗುವ ಒಂದು ಗೆರೆ) 5 ನಿಮಿಷ. ಆಮೇಲೆ ನಿಮಿಷಕ್ಕೆ 6ರಂತೆ ಆಳವಾದ ಉಸಿರು. ಎರಡನೇ ಸಲವೂ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಬಂದವರನ್ನಷ್ಟೇ ಲೆಕ್ಕಕ್ಕೆ ಇಟ್ಟೆ. ಕೈಯನ್ನು ಐಸ್ ನೀರಿನಲ್ಲಿ ಮುಳುಗಿಸಿ ನೋಡುವ ಕೋಲ್ಡ್ ಪ್ರೆಸರ್ ಪರೀಕ್ಷೆ ಕೈಬಿಟ್ಟೆ. ಮೊದಲೇ ಏರಿದ ಬಿಪಿಯನ್ನು ಇನ್ನೂ ಏರಿಸಲು ಮನಸ್ಸು ಒಪ್ಪಲಿಲ್ಲ.

ಎಚ್‌ಆರ್‌ವಿ ಅಳೆಯುವ ಯಂತ್ರಕ್ಕೆ ಕಂಪನಿಯವರು ಹೇಳಿದ್ದು 4 ಲಕ್ಷದ ಹತ್ತಿರ. ಇಸಿಜಿ ಮಾಡ್ಯೂಲ್, ಹಳೆ ಲ್ಯಾಪ್‌ಟಾಪ್ ಎಲ್ಲ ಸೇರಿ ನನ್ನದು 30 ಸಾವಿರದೊಳಗೆ ಮುಗಿಯಿತು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿ. ಕರೆಂಟ್ ಲೈನಿನಿಂದ ಇಸಿಜಿಗೆ ನುಗ್ಗುವ 50 ಹರ್ಟ್ಸ್ ಕಾಟ ಅರ್ಧ ಅಲ್ಲೇ ಹೋಗುತ್ತದೆ. ಉಳಿದರ್ಧಕ್ಕೆ ವೈರಿನಲ್ಲಿ ಒಂದು ಕೆಲಸ ಮಾಡಿದ್ದೇನೆ, ಪೇಪರ್ ಬರುವ ತನಕ ಅದನ್ನು ಹೇಳಲ್ಲ.

ನಡುವೆ ಕಾಫಿಯ ಹಿಂದೆ ಬಿದ್ದೆ, ಅದರ ಕೆಫೀನ್ ಎಚ್‌ಆರ್‌ವಿಯನ್ನು ಬದಲಿಸುತ್ತದೇನೋ ಅಂತ. ಸಕಲೇಶಪುರ, ಬೇಲೂರು ಕಡೆಯವರು ಕಾಫಿ ಕುಡಿಯದೆ ಬಸ್ಸು ಹತ್ತಲ್ಲ. ಎಂಟು ಜನ ಸಿಸ್ಟರ್‌ಗಳಿಗೆ ಕಾಫಿ ಕೊಟ್ಟು ಮುಂಚೆ, ಆಮೇಲೆ ಅಳೆದೆ. ಒಬ್ಬೊಬ್ಬರದು ಒಂದೊಂದು ದಿಕ್ಕು. ಆಮೇಲೆ ಹೊಳೆಯಿತು: ತುಂಬು ಬಸುರಿಯ ಮೈಯಲ್ಲಿ ಕೆಫೀನ್ ಇಳಿಯಲು ಉಳಿದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಹೊತ್ತು ಬೇಕು. ಸಿಸ್ಟರ್‌ಗಳ ಲೆಕ್ಕ ಇಲ್ಲಿ ನಡೆಯಲ್ಲ. ಈಗ ಬಿಪಿ ಸರಿ ಇರುವ ಬಸುರಿಯರನ್ನೂ ಕಾಫಿ ಕುಡಿದವರಿಂದಲೇ ಆರಿಸುತ್ತೇನೆ, ಎಷ್ಟು ಲೋಟ ಅಂತ ಬರೆದಿಡುತ್ತೇನೆ.

ನೆನಪಿನಿಂದ ಹೇಳುವುದಾದರೆ, ಒಳ್ಳೆಯ ರೆಕಾರ್ಡಿಂಗ್ ಸುಮಾರು 40. ಬಿಪಿ ಸರಿ ಇದ್ದವರ ಆರ್‌ಎಂಎಸ್‌ಎಸ್‌ಡಿ (ಅಕ್ಕಪಕ್ಕದ ಬಡಿತಗಳ ಅಂತರ ಎಷ್ಟು ಬದಲಾಗುತ್ತದೆ ಅನ್ನೋ ಎಚ್‌ಆರ್‌ವಿ ಅಳತೆ) 27 ಮಿಲಿಸೆಕೆಂಡ್ ಆಸುಪಾಸು, ಪ್ರೀ ಎಕ್ಲಾಂಪ್ಸಿಯಾದವರದು 16-17. ಅಂದರೆ ಹೃದಯವನ್ನು ನಿಧಾನಿಸುವ ವೇಗಸ್ ನರದ ಹಿಡಿತ ಸಡಿಲವಾಗಿದೆ. 1996ರಲ್ಲೇ ಜರ್ಮನಿಯವರು ನರಕ್ಕೆ ಸೂಜಿ ಚುಚ್ಚಿ, ಇವರಲ್ಲಿ ಬಡಿತ, ಬಿಪಿ ಏರಿಸುವ ಸಿಂಪಥೆಟಿಕ್ ನರಗಳ ಅಬ್ಬರ ಜಾಸ್ತಿ ಅಂತ ತೋರಿಸಿದ್ದರು. ನಮ್ಮದು ಸೂಜಿಯಿಲ್ಲದೆ ಅದೇ ಕಡೆ ಬೆರಳು ಮಾಡುತ್ತಿದೆ.

ಹೆರಿಗೆಯಾಗಿ 6 ವಾರಕ್ಕೆ ಇವರನ್ನೇ ಮತ್ತೆ ಅಳೆಯಬೇಕು. ಎಲ್ಲರೂ ತವರಿನಲ್ಲಿದ್ದಾರೆ, ಆಲೂರು, ಅರಕಲಗೂಡು ಅಂತ. ಈ ಭಾನುವಾರ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ನಾನೇ ಹೊರಡುತ್ತಿದ್ದೇನೆ.